ಕುಳಿತೇ ಹೊರಟ ವಿಜ್ಞಾನ ಮಾಸ್ತರರು

ನಮ್ಮ ಮನೆಯವರು ತೀರಿಕೊಂಡ ದಿನ ಅವರನ್ನು ಕುಳ್ಳಿರಿಸಿದ್ದೇ ತಪ್ಪಾಯಿತು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅವರ ಬೆನ್ನಿಗೆ ದಿಂಬು ಕೊಟ್ಟವಳು ನಾನೇ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ ಗೋಡೆಗೆ ಒರಗಿಸಿ ಕುಳ್ಳಿರಿಸುತ್ತೇವೆ. ತಲೆಗೆ ರುಮಾಲು, ಹೆಗಲಿಗೆ ಶಾಲು, ಕೊರಳಿಗೆ ಮಾಲೆ. ಬದುಕಿದ್ದಷ್ಟು ದಿನ ಎದೆಯ ಮೇಲೆ ಕಟ್ಟಿಕೊಂಡಿದ್ದ ಲಿಂಗವನ್ನು ಎಡ ಅಂಗೈಯಲ್ಲಿ ಇಡುತ್ತೇವೆ. ಕುಳಿತವರನ್ನು ಕುಳಿತಂತೆಯೇ ಕುಣಿಗೆ ಇಳಿಸಿ, ಲಿಂಗದ ಸಮೇತ ಮಣ್ಣು ಕೊಡುತ್ತೇವೆ. ಮಾನವಿಯ ನಮ್ಮ ಓಣಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಬೆಳಗಿನ ಐದಕ್ಕೆ ಅವರ ಉಸಿರು ನಿಂತಿತು. ಏಳು ಗಂಟೆಯೊಳಗೆ ಅವರು ಪಡಸಾಲೆಯಲ್ಲಿ ಕುಳಿತಾಗಿತ್ತು. ಲಿಂಗ ಅಂಗೈಯಿಂದ ಎರಡು ಸಲ ಉರುಳಿತು. ಮಠದ ಅಯ್ಯನವರು ಬೆರಳುಗಳನ್ನು ಮಡಿಸಿ, ಮೇಲೆ ಬಿಳಿ ಬಟ್ಟೆ ಸುತ್ತಿ, ಗಂಟು ಹಾಕಿದರು.

ಶಾಲು ತರಲು ಕಪಾಟು ತೆರೆದವಳು ನಾನು. ಶಾಲಿನ ಜೊತೆ ಒಂದು ಕಾಗದವೂ ಜಾರಿ ಕೆಳಗೆ ಬಿತ್ತು. ನೋಡಿದೆ, ಆದರೆ ಅದನ್ನು ಓದುವಷ್ಟು ಎಚ್ಚರ ನನಗೆ ಬಂದದ್ದು ಹನ್ನೊಂದು ಗಂಟೆಗೆ. ರಾಯಚೂರಿನ ವೈದ್ಯಕೀಯ ಕಾಲೇಜೊಂದಕ್ಕೆ ಅವರು ತಮ್ಮ ದೇಹ ಬರೆದುಕೊಟ್ಟ ಕಾಗದ ಅದು. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ. ಹತ್ತನೆಯ ತರಗತಿಯವರೆಗೆ ಓದಿದವಳು, ಸಹಿ ಮಾತ್ರ ದುಂಡಗೆ ಹಾಕುತ್ತೇನೆ.

ಸಹಿ ಹಾಕುವಾಗ ನಾನು ಕೇಳಿದ್ದೆ: “ಮೈ ಕಾಲೇಜಿಗೆ ಕೊಟ್ರ ಲಿಂಗ ಏನ್ ಮಾಡ್ಲಿ?”

“ಮೈ ಹುಡುಗರಿಗೆ ಕೊಡು, ಲಿಂಗ ಮಣ್ಣಿಗೆ ಕೊಡು. ಎರಡೂ ನಿನ್ನ ಮ್ಯಾಲ ಬಿಟ್ಟೀನಿ.”

“ನನ್ನ ಮ್ಯಾಲ ಯಾಕ ಬಿಡ್ತೀರಿ? ಅವತ್ತ ನಾನು ಅಳೋದ್ ಬ್ಯಾಡೇನು?”

“ಅಳು. ಆದ್ರ ಮೊದಲ ಫೋನ್ ಮಾಡಿ ಅಳು,” ಅಂದಿದ್ದರು. ಅವರು ಹೋದ ಬೆಳಿಗ್ಗೆ ನಾನು ಫೋನ್ ಮರೆತು ಮೊದಲು ಅತ್ತಿದ್ದೆ.

ನಿವೃತ್ತಿಯಾಗಿ ಮಾನವಿಗೆ ಬರುವವರೆಗೆ ಅವರು ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಬೆಳಿಗ್ಗೆ ಹತ್ತು ನಿಮಿಷ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದರು, ಹತ್ತು ಗಂಟೆಗೆ ಶಾಲೆಯಲ್ಲಿ ಮನುಷ್ಯ ಯಾವ ಪ್ರಾಣಿಗಳಿಂದ ಬಂದ ಎಂದು ಪಾಠ ಮಾಡುತ್ತಿದ್ದರು. ಊರಿನ ಆಸ್ತಿಕರಿಗೆ ಅವರ ಪಾಠದ ಮೇಲೆ ಅನುಮಾನ, ನಾಸ್ತಿಕರಿಗೆ ಅವರ ವಿಭೂತಿಯ ಮೇಲೆ ಅನುಮಾನ. “ಸರ್, ದೇವ್ರು ಅದಾನೇನ್ರಿ ಇಲ್ಲೇನ್ರಿ?” ಎಂದು ಮಕ್ಕಳು ಕೇಳಿದರೆ, “ಪರೀಕ್ಷಾದಾಗ ಬರಂಗಿಲ್ಲ, ಬಿಡು” ಅನ್ನುತ್ತಿದ್ದರಂತೆ.

ಒಂದು ಗ್ರಹಣದ ದಿನ ಗ್ರಹಣದಲ್ಲಿ ಉಂಡರೆ ಏನೂ ಆಗುವುದಿಲ್ಲ ಎಂದು ತೋರಿಸಲು ಶಾಲೆಯ ಅಂಗಳದಲ್ಲಿ ನಿಂತು ಮಂಡಾಳ ಒಗ್ಗರಣಿ, ಅಂದರೆ ಒಗ್ಗರಿಸಿದ ಮಂಡಕ್ಕಿ, ತಿಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಉತ್ಸಾಹದಲ್ಲಿ ಒಂಬತ್ತು ಮಿರ್ಚಿ ಭಜಿಯನ್ನೂ ತಿಂದರು. ಸಂಜೆಯೊಳಗೆ ಹೊಟ್ಟೆ ಕೆಟ್ಟು ಎರಡು ದಿನ ಶಾಲೆಗೆ ರಜೆ ಹಾಕಿದರು. ದೇವದುರ್ಗದಲ್ಲಿ ವಿಜ್ಞಾನಕ್ಕೆ ಆದ ನಷ್ಟ ಅಷ್ಟಿಷ್ಟಲ್ಲ. “ಅದು ಮಿರ್ಚಿ ಎಣ್ಣಿದು, ಗ್ರಹಣದ್ದಲ್ಲ” ಎಂದು ಅವರು ಬಚ್ಚಲಿನಿಂದಲೇ ಕೂಗಿ ಹೇಳುತ್ತಿದ್ದರು. ನೋಡಲು ಬಂದವರು ಹೊರಗೆ ತಲೆ ಅಲ್ಲಾಡಿಸುತ್ತಿದ್ದರು.

ಪೂಜೆ, ಪಾಠ ಈ ಎರಡನ್ನೂ ಹೇಗೆ ಹೊಂದಿಸುತ್ತೀರಿ ಎಂದು ನಾನೂ ಒಮ್ಮೆ ಕೇಳಿದೆ. “ದಿನಾ ಆರು ತಾಸು ನಾನು ಮಂದಿಗೆ ಹೇಳ್ತೀನಿ. ಈ ಹತ್ತು ನಿಮಿಷ ಯಾರಿಗೂ ಏನೂ ಹೇಳಂಗಿಲ್ಲ. ಇದ್ರಾಗ ಹೊಂದ್ಸೋದು ಏನದ?” ಅಂದರು. ನನಗೆ ಆ ಉತ್ತರ ಸಾಲಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು, ಎದ್ದು ಹೋದೆ. ಮತ್ತೆ ಕೇಳಲಿಲ್ಲ.

ಆ ದಿನ ಕಾಗದ ಹಿಡಿದು ಪಡಸಾಲೆಗೆ ಬಂದಾಗ ಮೈದುನ ಅವರ ಹುಟ್ಟೂರು ಮಲ್ಲಟದಿಂದ ಆಗಷ್ಟೇ ಬಂದಿದ್ದ. ಊರ ಹೊಲದಲ್ಲಿ ಕುಣಿ ತೋಡಿಸಿಯೇ ಬಂದಿದ್ದ. ನಮಗೆ ಮಕ್ಕಳಿಲ್ಲ, ಕಾರ್ಯವೆಲ್ಲ ಅವನೇ ಮಾಡಬೇಕು. ಕಾಗದ ಓದಿದ, ತಿರುಗಿಸಿ ಹಿಂದಿನ ಖಾಲಿ ಹಾಳೆಯನ್ನೂ ನೋಡಿದ.

“ವೈನೀ, ಕುಣಿ ತೋಡ್ಯಾದ.”

“ಗೊತ್ತದ ತಮ್ಮಾ.”

“ಆರು ಮಂದಿ ಬೆಳಗಿಂದ ತೋಡ್ಯಾರ. ಕಲ್ಲು ಭೂಮಿ. ಈಗ ಬರೇ ಕುಣಿ ಮುಚ್ಚು ಅಂದ್ರ ನನ್ನ ಮಾರಿ ನೋಡ್ತಾರ ಅವರು?”

“ಬರೇ ಕುಣಿ ಅಲ್ಲ. ಲಿಂಗ ಅಲ್ಲಿಗೇ ಬರ್ತದ. ಅವರು ಹೇಳಿದ್ದು ಹಂಗ.”

ಅವನು ಅಯ್ಯನವರ ಮುಖ ನೋಡಿದ, ಅವರು ಬೈಯಲಿ ಎಂದು. ಅಯ್ಯನವರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಹೇಳಿದರು: “ಮಾಸ್ತರ್ ನನಗೂ ಹೇಳಿದ್ರಪ್ಪ. ನಾನು ಚಾಷ್ಟಿ ಅಂದ್ಕೊಂಡಿದ್ದೆ. ಕೊಟ್ಟ ಮಾತು ಅದ. ಮಾಡೋ ಕ್ರಿಯಾ ಇಲ್ಲೇ ಮಾಡ್ತೀನಿ. ಲಿಂಗ ತಗೊಂಡು ನೀನು ಊರಿಗೆ ನಡಿ, ನಾವು ರಾಯಚೂರಿಗೆ ನಡೀತೀವಿ.”

ಕಾಲೇಜಿಗೆ ಫೋನ್ ಮಾಡಿ, ಊರಿನ ಆಂಬುಲೆನ್ಸಿಗೂ ಹೇಳಿಕಳಿಸಿದೆ. ಎಲ್ಲ ಸುಸೂತ್ರವಾಯಿತು ಅನ್ನುವಾಗ ಅಯ್ಯನವರು ಕೈಗೆ ಸುತ್ತಿದ ಬಟ್ಟೆ ಬಿಚ್ಚಿದರು. ಲಿಂಗ ಬರಲಿಲ್ಲ. ಬೆರಳುಗಳು ಲಿಂಗದ ಸುತ್ತ ಬಿಗಿದು ನಿಂತಿದ್ದವು. ಆಗ ಗಮನಿಸಿದೆವು: ಬೆರಳಷ್ಟೇ ಅಲ್ಲ, ಮೊಣಕಾಲು, ಮೊಣಕೈ, ಕುತ್ತಿಗೆ ಎಲ್ಲವೂ ಹಾಗೇ. ಬಿಸಿಲಿನ ದಿನ ಬೇರೆ. ನಾವು ಅವರನ್ನು ಕಾಲೇಜಿಗೆ ಕಳಿಸಬೇಕಾದ ಹೊತ್ತಿನಲ್ಲಿ ಕುಣಿಗೆ ಸರಿಯಾಗಿ ಸಿದ್ಧಮಾಡಿ ಕುಳ್ಳಿರಿಸಿಬಿಟ್ಟಿದ್ದೆವು.

ಆಂಬುಲೆನ್ಸ್ ತಂದವನು ಮಾನವಿಯ ಸಂತೆ ಕಡೆಯ ಸಾಬರ ಮನೆಯವನು. ಸ್ಟ್ರೆಚರ್ ಎಳೆದುಕೊಂಡು ಒಳಗೆ ಬಂದು ನಿಂತೇಬಿಟ್ಟ.

“ಅಮ್ಮಾ, ಪೇಶಂಟ್ ಎಲ್ಲಿ ಅದಾರ?”

“ಇವರೇ ಭಾಯಿ.”

“ಅರೆ ಅಲ್ಲಾ! ಕುಂತಾರಲ್ರಿ!”

ಸ್ಟ್ರೆಚರ್ ಮೇಲೆ ಇಟ್ಟು ನೋಡಿದೆವು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ವಾಲುತ್ತಿದ್ದರು. ಮಲಗಿಸಿದರೆ ಮಡಚಿದ ಕಾಲುಗಳು ಮೇಲೆದ್ದು ನಿಲ್ಲುತ್ತಿದ್ದವು, ಶಾಲು ಜಾರುತ್ತಿತ್ತು. ನೋಡಲು ಆಗಲಿಲ್ಲ. ಚಾಲಕ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ.

“ಇಪ್ಪತ್ತು ವರ್ಷಾತು ಗಾಡಿ ಹೊಡಿಯಾಕತ್ತು. ಎಲ್ಲಾರೂ ಮಲ್ಕೊಂಡ ಬರ್ತಾರ. ಮಾಸ್ತರ್ ಸಾಬ್ ಕುಂತಾರಂದ್ರ ಕುಂತಾ ಬರ್ಲಿ. ಬಾಜೂ ಸೀಟಿಗೆ ಪಟ್ಟಿ ಅದ, ಕಟ್ತೀನಿ.”

ಹೀಗೆ ನಮ್ಮ ಮನೆಯವರು ಗಾಡಿಯ ಹಿಂಭಾಗದಲ್ಲಿ, ಸ್ಟ್ರೆಚರ್ ಪಕ್ಕದ ಉದ್ದ ಸೀಟಿನಲ್ಲಿ ಪಟ್ಟಿ ಕಟ್ಟಿಸಿಕೊಂಡು ಕುಳಿತರು. ಒಂದು ಕಡೆ ಅಯ್ಯನವರು, ಇನ್ನೊಂದು ಕಡೆ ನಾನು. ಮೈದುನ ಮಲ್ಲಟದ ಕುಣಿ ಕಾಯಲು ಹೋದ. ತಿರುವು ಬಂದಾಗ ಬೀಳದಿರಲಿ ಎಂದು ಅವರ ಹೆಗಲ ಸುತ್ತ ಕೈ ಹಾಕಿದೆ. ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು. ಮನೆಯ ಹೊರಗೆ ನಾನು ಹಾಗೆ ಕುಳಿತದ್ದು ಅದೇ ಮೊದಲು. ಅಯ್ಯನವರು ಕಿಟಕಿಯ ಆಚೆ ನೋಡುತ್ತ ಕುಳಿತರು. ಒಳ್ಳೆಯವರು.

ಕಲ್ಲೂರಿನಲ್ಲಿ ಎತ್ತಿನಗಾಡಿಗಳು ರಸ್ತೆಗೆ ಅಡ್ಡ ಬಂದು ನಮ್ಮ ಗಾಡಿ ನಿಂತಿತು. ಚಹಾ ಅಂಗಡಿಯ ಮುಂದೆ ನಿಂತಿದ್ದ ದಪ್ಪ ಮೀಸೆಯವನೊಬ್ಬ ಕಿಟಕಿಯಲ್ಲಿ ಇಣುಕಿ ಎರಡೂ ಕೈ ಮುಗಿದ.

“ಶರಣ್ರೀ ಸರ್! ಗುರ್ತ ಸಿಕ್ತೇನ್ರಿ? ದೇವದುರ್ಗದಾಗ ನಿಮ್ಮ ಕೈಯಾಗ ಕಲ್ತೀನ್ರಿ ನಾನು. ರುಮಾಲು, ಶಾಲು, ಮಾಲಿ! ಸನ್ಮಾನ ಏನ್ರಿ ಇವತ್ತು?”

ಒಳಗೆ ಕತ್ತಲು, ಹೊರಗೆ ಸುಡುವ ಬಿಸಿಲು. ಅವನಿಗೆ ಸರಿಯಾಗಿ ಕಾಣಲಿಲ್ಲ. ಚಾಲಕನೇ ಮುಂದಿನಿಂದ ಹೇಳಿದ: “ಕಾಲೇಜಿಗೆ ಹೊಂಟಾರ.”

“ಕಾಲೇಜಿನಾಗ ಪಾಠ ಏನ್ರಿ? ಈ ವಯಸ್ಸಿನಾಗ! ಚಲೋ ಆತು ಬಿಡ್ರಿ. ನಾವಂತೂ ಕಲೀಲಿಲ್ಲ, ಆ ಹುಡುಗ್ರರ ಕಲೀಲಿ.” ಗಾಡಿ ಹೊರಟಾಗ ಅವನು ಅಂಗಡಿಯವನಿಗೆ ಹೇಳುವುದು ಕೇಳಿಸಿತು: “ನೋಡ್ಲೇ, ಸಿಟ್ಟು ಇನ್ನೂ ಹೋಗಿಲ್ಲ. ಮಾತಾಡ್ಲಿಲ್ಲ ನೋಡು.”

ಅಯ್ಯನವರು ಮೊದಲು ನಕ್ಕರು. ಆಮೇಲೆ ನನಗೂ ತಡೆಯಲಾಗಲಿಲ್ಲ. ಗಂಡ ಸತ್ತ ದಿನ ನಕ್ಕೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಕ್ಕದ್ದು ನಿಜ. ಹೆಗಲ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ಕಾಲೇಜಿನಲ್ಲಿ ದೇಹಗಳ ವಿಭಾಗ ನೋಡಿಕೊಳ್ಳುವವರು ಒಬ್ಬ ಡಾಕ್ಟರಮ್ಮ. ಮೈಸೂರು ಕಡೆಯ ಮಾತು. ಅವರನ್ನು ಕಂಡು ಹೆದರಿಕೆಯಾಯಿತು. ಈ ಸ್ಥಿತಿಯಲ್ಲಿ ಬೇಡ ಎಂದರೆ ನಮ್ಮ ಮನೆಯವರ ಮಾತು ಉಳಿಯುವುದಿಲ್ಲ. ಮುಷ್ಟಿ ಒಡೆದು ಲಿಂಗ ತೆಗೆಯುತ್ತೇವೆ ಎಂದರೆ ನನ್ನ ಕೈಯಾರೆ ಒಪ್ಪಿಗೆ ಕೊಡಬೇಕಾಗುತ್ತದೆ. ಎರಡೂ ನನ್ನಿಂದ ಆಗುವ ಕೆಲಸವಲ್ಲ.

ಡಾಕ್ಟರಮ್ಮ ಸುತ್ತ ಒಂದು ಸಲ ಬಂದು ನೋಡಿದರು.

“ಏನಮ್ಮ, ಕೂರಿಸಿಬಿಟ್ಟಿದ್ದೀರಿ?”

“ತಪ್ಪಾತ್ರಿ. ನಮ್ಮ ಪದ್ಧತಿ ಹಂಗ್ರಿ.”

“ಪ್ರಾಣ ಹೋದ್ರೂ ಲಿಂಗ ಬಿಟ್ಟಿಲ್ಲ ನೋಡ್ರಿ,” ಎಂದರು ಅಯ್ಯನವರು. “ಇದು ಭಕ್ತಿ.”

“ಸತ್ತ ಮೇಲೆ ಸ್ನಾಯು ಹೀಗೆ ಬಿಗಿಯುತ್ತೆ ಸ್ವಾಮಿ. ಯಾರಿಗಾದರೂ ಆಗುತ್ತೆ.”

“ಯಾರಿಗಾದ್ರೂ ಆಗ್ತದಂದ್ರ ಇನ್ನೂ ಚಲೋ ಆತಲ್ರಿ.”

ಡಾಕ್ಟರಮ್ಮ ನಕ್ಕುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. “ತಗೊಳ್ತೀವಮ್ಮ, ಹೆದರಬೇಡಿ. ಕಾಲು ನಿಧಾನಕ್ಕೆ ಸಡಿಲಿಸುತ್ತೇವೆ. ಆದರೆ ಬೆರಳನ್ನು ಈಗ ಎಳೆಯೋಲ್ಲ. ಮಕ್ಕಳಿಗೆ ಕೈಯಷ್ಟು ಕಷ್ಟದ ಪಾಠ ಇನ್ನೊಂದಿಲ್ಲ, ಅದನ್ನು ಹಾಳುಮಾಡಬಾರದು. ತಾನೇ ಬಿಡುತ್ತೆ. ನಮ್ಮ ತಂಪು ಕೋಣೆಯಲ್ಲಿ ಎರಡು ಮೂರು ದಿನ ಹಿಡಿಯಬಹುದು. ಬಿಟ್ಟ ಕೂಡಲೆ ಫೋನ್ ಮಾಡ್ತೀನಿ.”

“ಕಾಯೋಣ,” ಎಂದರು ಅಯ್ಯನವರು. “ಶಿವ ಬಿಡಿಸಿದಾಗ ಬಿಡ್ಲಿ.”

“ಅದೇ,” ಎಂದರು ಡಾಕ್ಟರಮ್ಮ. ಇಬ್ಬರೂ ಹೇಳಿದ್ದು ಬೇರೆ ಬೇರೆ. ನಾನು ಮಾಡಬೇಕಾದದ್ದು ಮಾತ್ರ ಒಂದೇ: ಮನೆಗೆ ಹೋಗಿ ಕಾಯುವುದು.

ಮಲ್ಲಟದಲ್ಲಿ ಕಾಯುವುದು ಅಷ್ಟು ಸುಲಭವಾಗಿರಲಿಲ್ಲ. ತೋಡಿದ ಕುಣಿ ತೆರೆದಿಟ್ಟರೆ ಅದು ಊರಿನಲ್ಲಿ ಇನ್ನೊಬ್ಬರನ್ನು ಕೇಳುತ್ತದೆ ಎಂದು ಅಲ್ಲಿ ನಂಬುತ್ತಾರೆ. ಆ ಇನ್ನೊಬ್ಬರು ಯಾರು ಎಂಬ ಬಗ್ಗೆ ಊರಿನಲ್ಲಿ ಅನುಮಾನವೇ ಇರಲಿಲ್ಲ. ಪಕ್ಕದ ಹೊಲದ ಮುದುಕಪ್ಪ ವರ್ಷದಿಂದ ಕೆಮ್ಮುತ್ತಿದ್ದರು. ಮೈದುನ ಕುಣಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಬೇವಿನ ಸೊಪ್ಪು ಹರಡಿ, ಪಕ್ಕದಲ್ಲೇ ಮಂಚ ಹಾಕಿಕೊಂಡ. ಮುದುಕಪ್ಪ ತಾಸಿಗೊಮ್ಮೆ ಬಂದು ವಿಚಾರಿಸುತ್ತಿದ್ದರಂತೆ.

“ಏ ತಮ್ಮಾ, ನಿಮ್ಮಣ್ಣ ಕೈ ಬಿಟ್ನೇನೋ?”

“ಇಲ್ಲ ಯಪ್ಪಾ.”

“ಬದುಕಿದ್ದಾಗೂ ಹಟ ಅವಂದು. ಫೋನ್ ಹಚ್ಚಿ ಕೇಳಲಾ ಮತ್ತ.”

ಎರಡು ದಿನ ಕೆಮ್ಮು ಬಂದರೂ ಮುದುಕಪ್ಪ ಬಾಯಿಗೆ ಟವೆಲ್ ತುರುಕಿ ತಡೆದುಕೊಂಡರಂತೆ, ಕುಣಿಗೆ ಕೇಳಿಸಬಾರದು ಎಂದು. ಮೈದುನ ಫೋನಿನಲ್ಲಿ ಇದನ್ನು ಹೇಳುವಾಗ ಸಿಟ್ಟಿನಲ್ಲೇ ಶುರುಮಾಡಿದ, ಮುಗಿಸುವಾಗ ಸಿಟ್ಟು ಉಳಿದಿರಲಿಲ್ಲ. “ನನಗೂ ಅಂಜಿಕಿ ಆಗಾಕತ್ತದ ವೈನಿ. ಕುಣೀದಲ್ಲ. ಅಣ್ಣ ಅರ್ಧಕ್ಕ ನಿಂತಾನೇನೋ ಅನಸ್ತದ. ಇಲ್ಲೂ ಇಲ್ಲ, ಅಲ್ಲೂ ಇಲ್ಲ.” ನನಗೂ ಅದೇ ಅನಿಸುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು. “ಬನ್ನಿ ಅಮ್ಮ, ಕೈ ಬಿಟ್ಟಿದೆ.”

ಬಸ್ಸಿನಲ್ಲಿ ರಾಯಚೂರಿಗೆ ಹೋದೆ. ಡಾಕ್ಟರಮ್ಮ ಲಿಂಗವನ್ನು ತೊಳೆದು, ಬಿಳಿ ಹತ್ತಿಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಹೇಗೆ ಹಿಡಿಯಬೇಕು ಎಂದು ಅಯ್ಯನವರಿಗೆ ಫೋನ್ ಮಾಡಿ ಕೇಳಿದ್ದರಂತೆ. ಒಮ್ಮೆ ನೋಡಬಹುದೇ ಎಂದೆ. ಕರೆದೊಯ್ದರು. ಬಿಳಿ ಹೊದಿಕೆಯ ಕೆಳಗೆ ಕಾಲು ಚಾಚಿ ಮಲಗಿದ್ದರು. ಅವರು ಅಷ್ಟು ಎತ್ತರದವರು ಎಂಬುದು ನನಗೆ ಮರೆತೇ ಹೋಗಿತ್ತು. ಎಡಗೈ ಪಕ್ಕದಲ್ಲಿ ಅಂಗಾತ ತೆರೆದಿತ್ತು. ಹೊದಿಕೆಯ ಅಂಚು ಸರಿಮಾಡಿ ಬಂದೆ.

ಮಲ್ಲಟ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅಯ್ಯನವರು ಕುಣಿಗಿಳಿದು ಲಿಂಗವನ್ನು ಇಟ್ಟು, ವಿಭೂತಿ ಸುರಿದು ಮೇಲೆ ಬಂದರು. ಮಣ್ಣು ಕೊಡಲು ಎಲ್ಲರಿಗಿಂತ ಮೊದಲು ಮುದುಕಪ್ಪ ಬಗ್ಗಿದರು, ಎರಡೂ ಮುಷ್ಟಿ ತುಂಬಿ ಹಾಕಿದರು, ಮತ್ತೆ ಬಗ್ಗಿದರು. ಯಾರೋ “ಸಾಕು ಯಪ್ಪಾ, ನಮಗೂ ಬಿಡು” ಎಂದಾಗ, ಎರಡು ದಿನದಿಂದ ತಡೆದಿಟ್ಟ ಕೆಮ್ಮನ್ನೆಲ್ಲ ಅಲ್ಲೇ ನಿಂತು ಕೆಮ್ಮಿ ಮುಗಿಸಿದರು.

ಎಲ್ಲರೂ ಹೋದ ಮೇಲೆ ಮೈದುನ ಹಾಲಿನ ತಂಬಿಗೆ ಹಿಡಿದು ಹತ್ತಿರ ಬಂದ. ಮೂರು ದಿನ ಗಡ್ಡ ಬಿಟ್ಟು ಅವನೂ ಮುದುಕನಾಗಿದ್ದ.

“ಅಣ್ಣ ಹ್ಯಾಂಗದಾನ?”

“ಕಾಲು ಚಾಚಿ ಮಲಗ್ಯಾರ.”

ಅವನು ತಲೆ ಅಲ್ಲಾಡಿಸಿದ. ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ವರ್ಷಾ ವರ್ಷಾ ಹಾಲು ಎಲ್ಲಿ ಹಾಕೋದು ವೈನಿ? ಇಲ್ಲೋ, ರಾಯಚೂರಾಗೋ?”

“ಇಲ್ಲೇ ಹಾಕು,” ಅಂದೆ. “ಅಲ್ಲಿ ಅವರು ಕೆಲಸದ ಮ್ಯಾಲ ಅದಾರ.”