ಬಿಟ್ಟುಹೋದ ಹತ್ತನೇ ಕಂತು

ಫೋಟೋಗಳಿಗೆ ಕಟ್ಟು ಹಾಕುವ ಅವರನ್ನು ಬೀದಿಯವರೆಲ್ಲ ಫ್ರೇಮ್ ಮಾಮ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿ. ಗೋಡೆಗೆ ಒರಗಿಸಿದ ಮರದ ಪಟ್ಟಿಗಳು, ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಗಾಜು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಾಮ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಮೊಬೈಲಿನಲ್ಲಿ ಕಥೆ ಬರೆಯುತ್ತಿದ್ದರು. ಗಾಜು ಕೊಯ್ದು ಕೊಯ್ದು ಬೆರಳುಗಳು ಜಡ್ಡುಗಟ್ಟಿದ್ದರಿಂದ ಮೊಬೈಲು ಕೇಳುತ್ತಿದ್ದುದು ಎಡಗೈಯ ಕಿರುಬೆರಳಿನ ಮಾತನ್ನು ಮಾತ್ರ.

ಮೊದಲೆಲ್ಲ ಅವರು ಪತ್ರಿಕೆಗಳಿಗೆ ಕಳಿಸಿದ ಕಥೆಗಳು ಏನಾದವೋ ಗೊತ್ತಾಗುತ್ತಿರಲಿಲ್ಲ. ಈಗ ಬರೆಯುತ್ತಿದ್ದ ಜಾಲತಾಣದಲ್ಲಿ ಹಾಗಲ್ಲ. ಕಂತು ಹಾಕಿ ಒಂದು ಗಾಜು ಕೊಯ್ಯುವಷ್ಟರಲ್ಲಿ ಯಾರೋ ಓದಿ ಕೆಳಗೆ ಕಾಮೆಂಟು ಬರೆದು ಮಾತಾಡಿಸಿರುತ್ತಿದ್ದರು. ಹೆಂಡತಿ ಆ ಓದುಗರನ್ನು ನೆಂಟರೆಂದೇ ಕರೆಯುತ್ತಿದ್ದಳು. ಊಟಕ್ಕೆ ನಿಲ್ಲದ ನೆಂಟರು, ಇಂಥವರು ಎಷ್ಟು ಜನ ಬಂದರೂ ತನಗೆ ಬೇಜಾರಿಲ್ಲ ಎನ್ನುತ್ತಿದ್ದಳು.

ಆಗ ಬರೆಯುತ್ತಿದ್ದುದು ಸೈಕಲ್ ಅಂಗಡಿಯ ಅಣ್ಣತಮ್ಮಂದಿರ ಕಥೆ. ಅಂಗಡಿ ಸೈಕಲಿನದೇ ಆದರೂ ಜಗಳ ಮಾಮನ ಮನೆಯದೇ. ಅವರೂ ಅವರ ಅಣ್ಣನೂ ಮೊದಲು ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರು. ಒಂದು ದಿನ ಅಣ್ಣ ಗಿರಾಕಿಯೊಬ್ಬರ ತಾಯಿಯ ಹಳೆಯ ಫೋಟೋವನ್ನು ಕಟ್ಟಿಗೆ ಕೂರಿಸುವಾಗ ಅಂಚು ಹೆಚ್ಚಾಗಿ ಕತ್ತರಿಸಿಬಿಟ್ಟ. ಆ ತಾಯಿಯದು ಉಳಿದಿದ್ದುದು ಅದೊಂದೇ ಫೋಟೋ. ಗಿರಾಕಿಯ ಎದುರಿಗೇ ಮಾಮ, "ಕಣ್ಣು ಕಾಣ್ಸಲ್ಲ ಅಂದ್ರೆ ಮನೇಲಿ ಬಿದ್ದಿರು" ಎಂದುಬಿಟ್ಟರು. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವನ ಮನೆ ಇದ್ದುದು ಎರಡು ಬೀದಿ ಆಚೆ. ಆದರೆ ಅಂದಿನಿಂದ ಎದುರಾದರೆ ಒಬ್ಬರು ಇನ್ನೊಂದು ಮಗ್ಗುಲಿಗೆ ದಾಟಿಕೊಳ್ಳುತ್ತಿದ್ದರು. ಅಣ್ಣ ಮತ್ತೆ ಬರಬೇಕೆಂಬುದೊಂದೇ ಮಾಮನ ಆಸೆ. ಕೇಳಲು ಬಾಯಿ ಬರುತ್ತಿರಲಿಲ್ಲ.

ಹಾಗಾಗಿ ಕಥೆಯ ಹತ್ತನೇ ಕಂತಿನಲ್ಲಿ ತಮ್ಮನಿಂದ ಉದ್ದಕ್ಕೆ ಕ್ಷಮೆ ಕೇಳಿಸಿದ್ದರು. ಅದನ್ನು ಎಷ್ಟು ಸಲ ತಿದ್ದಿದರೋ, ಮುಂದೆ ಅಣ್ಣನೆದುರು ತಾವೇ ಆಡಬೇಕಾದ ಮಾತು ಎಂಬಂತೆ. ಹನ್ನೊಂದರಲ್ಲಿ ಅಣ್ಣತಮ್ಮಂದಿರು ಒಂದೇ ಚಕ್ರ ಹಿಡಿದುಕೊಂಡು ಡೊಂಕು ತೆಗೆಯುತ್ತಿದ್ದರು.

ಕಿರುಬೆರಳು ಜಾರಿತು. ಒಂಬತ್ತನೆಯದಾದ ಮೇಲೆ ಹನ್ನೊಂದನೆಯದು ಹೋಗಿಬಿಟ್ಟಿತು.

ಮಾಮನಿಗೆ ಗೊತ್ತಾಗುವಷ್ಟರಲ್ಲಿ ಓದುಗರು ನಡುವೆ ಏನಾಯಿತೆಂದು ತಾವೇ ಮಾತಾಡಿಕೊಳ್ಳುತ್ತಿದ್ದರು. ಅಣ್ಣನಿಗೆ ಕಾಯಿಲೆಯಾಗಿರಬೇಕೆಂದರು ಒಬ್ಬರು. ಅತ್ತಿಗೆ ಇಬ್ಬರಿಗೂ ಚೆನ್ನಾಗಿ ಮಂಗಳಾರತಿ ಮಾಡಿರುತ್ತಾಳೆಂದರು ಇನ್ನೊಬ್ಬರು. ಮೂರನೇ ಮಹಡಿ ಎಂದು ಹೆಸರಿಟ್ಟುಕೊಂಡಿದ್ದ ಓದುಗರೊಬ್ಬರು ಹೀಗೆ ಬರೆದಿದ್ದರು:

"ತಮ್ಮ ಕ್ಷಮೆ ಕೇಳಿರಲ್ಲ. ಕೇಳಿದ್ರೆ ಅಣ್ಣ 'ಹೋಗ್ಲಿ ಬಿಡು' ಅನ್ಬೇಕಾಗುತ್ತೆ, ಆ ಮಾತು ಅವನ ಬಾಯಲ್ಲಿ ಬರಲ್ಲ. ಅಣ್ಣನ ಸ್ಪ್ಯಾನರ್ ಅಂಗಡಿ ಗೋಡೆ ಮೇಲೇ ಇದೆಯಲ್ಲ. ಅದನ್ನ ತಗೊಂಡುಹೋಗಿ ಕೊಟ್ಟಿರ್ತಾನೆ, ಅಷ್ಟೇ."

ಸ್ಪ್ಯಾನರನ್ನು ಮಾಮ ಎಂದೋ ಒಂದು ಕಂತಿನಲ್ಲಿ ಗೋಡೆ ಬರಿದಾಗಿ ಕಾಣಬಾರದೆಂದು ನೇತುಹಾಕಿ ಮರೆತಿದ್ದರು. ತಲೆಯೆತ್ತಿ ನೋಡಿದರೆ ತಮ್ಮದೇ ಅಂಗಡಿಯ ಗೋಡೆಯ ಮೊಳೆಯಲ್ಲಿ ಅಣ್ಣ ಅಂದು ಬಿಟ್ಟುಹೋದ ಉಕ್ಕಿನ ಸ್ಕೇಲು ಇತ್ತು. ಅದನ್ನು ಅವರು ಮುಟ್ಟಿರಲೇ ಇಲ್ಲ.

ಊರವರ ಜಗಳಕ್ಕೆಲ್ಲ ಕಂತು ಬರೆಯುತ್ತೀರಿ, ನಿಮ್ಮದು ಮಾತ್ರ ಮುಂದುವರಿಯುತ್ತಲೇ ಇದೆ ಎಂದು ಹೆಂಡತಿ ಅಂದು ಮಧ್ಯಾಹ್ನವೂ ಕುಟುಕಿದಳು. ಸಂಜೆ ಮಾಮ ಸ್ಕೇಲನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟರು.

ಬಾಗಿಲು ತೆಗೆದ ಅತ್ತಿಗೆ ಪಕ್ಕಕ್ಕೆ ಸರಿದಳು. ಅಣ್ಣ ಸ್ಕೇಲನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದ್ರಲ್ಲೇ ಅಳೀತಿದ್ಯಾ?"

"ಇಲ್ಲ ಅಣ್ಣ. ಮುಟ್ಟಿಲ್ಲ."

"ಅದಕ್ಕೇ. ಡಾಕ್ಟ್ರ ಕ್ಲಿನಿಕ್ ಗೋಡೆ ಮೇಲೆ ನೀನು ಹಾಕಿರೋ ಕಟ್ಟು ನೋಡ್ದೆ. ಮೂಲೇಲಿ ಸಂದು ಬಿಟ್ಟಿದೆ. ನನ್ನ ಕಣ್ಣಿಗೇ ಕಾಣ್ತು."

ಹತ್ತನೇ ಕಂತಿನ ಮಾತೆಲ್ಲ ಮಾಮನ ಗಂಟಲವರೆಗೆ ಬಂತು. ನುಂಗಿಕೊಂಡರು.

"ಹೌದು, ಬಿಟ್ಟಿದೆ" ಎಂದರು.

ಅಣ್ಣ ಸ್ಕೇಲನ್ನು ಅದೇ ಕಾಗದದಲ್ಲಿ ಸುತ್ತಿ ಹಿಂದಕ್ಕೆ ಕೊಟ್ಟ. "ಮೊಳೆಗೇ ಹಾಕಿರು. ಬೆಳಗ್ಗೆ ಅಲ್ಲೇ ಬೇಕಾಗುತ್ತೆ."

ಮರುದಿನ ಮಾಮ ಬೇಗನೆ ಅಂಗಡಿ ತೆಗೆದರು. ಹತ್ತನೇ ಕಂತು ಎಲ್ಲಿ ಎಂದು ಓದುಗರು ಇನ್ನೂ ಕೇಳುತ್ತಿದ್ದರು. ಅದು ಬರುವುದಿಲ್ಲ, ಮೂರನೇ ಮಹಡಿಯವರು ಹೇಳಿದ್ದನ್ನೇ ಓದಿಕೊಳ್ಳಿ ಎಂದು ಬರೆದರು. ಸ್ವಲ್ಪ ಹೊತ್ತಿಗೆ ಮೂರನೇ ಮಹಡಿಯೇ ಬಂತು: "ನಾನು ಸುಮ್ನೆ ಊಹಿಸಿದ್ದು ಸರ್. ನೀವೂ ಹಾಗೇ ಬರೆದಿದ್ರಾ?"

ಮಾಮ "ಇಲ್ಲ, ನಾನು ಬರೆದದ್ದು ತಪ್ಪಾಗಿತ್ತು" ಎಂದು ಕಿರುಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಆಮೇಲೆ ಅಣ್ಣ ಬರುವ ಮೊದಲು ಕಂಬಳಿಯ ಮೇಲಿನ ಗಾಜಿನ ಚೂರುಗಳನ್ನು ಗುಡಿಸಲು ಎದ್ದರು.