ನ್ಯೂಯಾರ್ಕಿನಲ್ಲಿ ಗೂಡು ಬೇಯಿಸಿದ ಪುಟ್ಟಗೌರಮ್ಮ

ಬೆಳಗಿನ ಐದು ಗಂಟೆ. ಕೊಳ್ಳೇಗಾಲದ ಈ ಬೀದಿಯಲ್ಲಿ ಇನ್ನೂ ಯಾರ ಬಾಗಿಲಿಗೂ ನೀರು ಬಿದ್ದಿಲ್ಲ. ಹಿತ್ತಿಲ ಚಪ್ಪರದಡಿ ಪುಟ್ಟಗೌರಮ್ಮನವರ ಒಲೆ ಮಾತ್ರ ಹೊತ್ತಿಕೊಂಡಿದೆ. ನೀರು ಕುದಿ ಬರುತ್ತಿದ್ದಂತೆ ಅವರು ಹಳದಿ ರೇಷ್ಮೆಗೂಡುಗಳನ್ನು ಹಿಡಿಹಿಡಿಯಾಗಿ ಬಾಣಲೆಗೆ ಹಾಕಿ ಕಡ್ಡಿಯಲ್ಲಿ ಮೆಲ್ಲಗೆ ತಿರುವುತ್ತಾರೆ. ಮರುಗಳಿಗೆಯಲ್ಲೇ ಆ ಸುಡುನೀರಿಗೆ ಬೆರಳದ್ದಿ, ಕಣ್ಣಿಗೆ ಕಾಣದ ಎಳೆಗಳನ್ನು ಎತ್ತಿ, ಹತ್ತಾರನ್ನು ಸೇರಿಸಿ ಒಂದೇ ನೂಲು ಮಾಡಿ ಚರಕಕ್ಕೆ ಕೊಡುತ್ತಾರೆ. ಆ ತುದಿಯಲ್ಲಿ ಚರಕ ತಿರುಗಿಸುವವರು ಗಂಡ ಮುತ್ತಯ್ಯ.

"ಇವಳು ಅಮೆರಿಕ ನೋಡ್ಕಂಡು ಬಂದ್ಲು. ನಾನು ಅಲ್ಲೂ ಚರಕ ನೋಡ್ಕಂಡು ಬಂದೆ" ಎಂದು ಅವರು ನಗುತ್ತಾರೆ.

ಅದು ನಿಜವೇ. ಹೋದ ವರ್ಷ ನ್ಯೂಯಾರ್ಕಿನಲ್ಲಿ ನಡೆದ ಕೈಕಸುಬುಗಳ ಪ್ರದರ್ಶನಕ್ಕೆ ಈ ದಂಪತಿಯನ್ನು ಸರ್ಕಾರದಿಂದ ಕಳಿಸಿದ್ದರು. ಚರಕ, ಬಾಣಲೆ, ಒಣಗಿಸಿದ ಗೂಡಿನ ನಾಲ್ಕು ಮೂಟೆಗಳೂ ಜೊತೆಯಲ್ಲಿ ಹಡಗು ಹತ್ತಿದವು. ಒಂಬತ್ತು ವರ್ಷದ ಮಗಳನ್ನು ಬಂಡಳ್ಳಿಯ ನೆಂಟರ ಮನೆಯಲ್ಲಿ ಬಿಟ್ಟು ಹೊರಟ ತಾಯಿಗೆ ಮೊದಲ ವಾರ ಕಡಲು ಕಂಡದ್ದೇ ನೆನಪಿಲ್ಲ.

ಪುಟ್ಟಗೌರಮ್ಮ ಹುಟ್ಟಿದ್ದು ತಮಿಳರೇ ಹೆಚ್ಚಿರುವ ಗೋಪಿನಾಥದಲ್ಲಿ. ಕೊಳ್ಳೇಗಾಲಕ್ಕೆ ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ಬಾಣಲೆಯ ಮುಂದೆ ಕೂರಿಸಿದರು. ಅಲ್ಲಿಂದ ಇಪ್ಪತ್ತೆರಡು ವರ್ಷ. ದಿನಕ್ಕೆ ಆರು ಸಾವಿರ ಗೂಡು, ಹತ್ತು ಗಂಟೆಯ ಕೆಲಸ. ಸಂಜೆಗೆ ಕೈಗೆ ಬರುವ ನೂಲು ಮುಕ್ಕಾಲು ಪೌಂಡು. ಬೆರಳ ತುದಿಗಳು ಬೆಂದು ಬೆಂದು ದಪ್ಪಗಟ್ಟಿವೆ, ಬಳೆಯಂಗಡಿಯಲ್ಲಿ ಗಾಜಿನ ನುಣುಪೂ ತಿಳಿಯುವುದಿಲ್ಲ. ಬೆಂದ ಹುಳುವಿನ ವಾಸನೆ ಸೀಗೆಪುಡಿ ಹಾಕಿ ಉಜ್ಜಿದರೂ ಬಿಡುವುದಿಲ್ಲ.

ಅಲ್ಲಿ ಕಷ್ಟ ತಂದದ್ದೂ ಇದೇ ವಾಸನೆ. ಮೊದಲೆರಡು ದಿನ ಜನ ಹತ್ತಿರ ಬರುವರು, ಮೂಗಿಗೆ ಕರವಸ್ತ್ರ ಹಿಡಿಯುವರು, ಗೊಂಬೆ ಮಾಡುವವರ ಕಡೆಗೆ ಸರಿಯುವರು. ಮೂರನೆಯ ದಿನ ಪ್ರದರ್ಶನದ ಮೇಲ್ವಿಚಾರಕರೇ ಬಂದರು. ಜೊತೆಯಲ್ಲಿ ಮಾತು ತಿಳಿಸಲು ಮದರಾಸಿನ ಒಬ್ಬ ವಿದ್ಯಾರ್ಥಿನಿ. ಗೋಪಿನಾಥದ ಮಗಳಿಗೆ ತಮಿಳು ಬರುತ್ತಿದ್ದುದರಿಂದ ಮಾತು ಆ ದಾರಿಯಲ್ಲೇ ಸಾಗಿತು. ನಾಳೆಯಿಂದ ಒಲೆ ಬೇಡ, ಗೂಡು ಬೇಡ. ಒಳ್ಳೆಯ ಸೀರೆಯುಟ್ಟು ಬರಿಯ ಚರಕ ತಿರುಗಿಸಿದರೆ ಸಾಕು ಎಂದರು.

"ಅಷ್ಟು ದೂರ ಓಗಿ ನಾಟ್ಕ ಆಡಾದಾ?" ಎಂದು ಪುಟ್ಟಗೌರಮ್ಮ ಈಗಲೂ ಕೇಳುತ್ತಾರೆ. "ಆ ಉಡುಗೀಗೆ ಏಳ್ದೆ ಕಣವ್ವ, ನಮ್ ಕಡೆ ಬರೀ ತೊಟ್ಲು ತೂಗಾಕಿಲ್ಲ, ಮಗೀಗೆ ಒಳ್ಳೇದಲ್ಲ ಅಂತೀವಿ. ಒಲೆ ಅಚ್ಚದೆ ಚರಕ ತಿರುಗ್ಸಾದೂ ಅಂಗೇಯ. ನನ್ ಕೈಲಾಗಕಿಲ್ಲ, ಬೇಕಾದ್ರೆ ನಮ್ಮನ್ನ ಊರ್ಗೆ ಕಳ್ಸಿಬುಡಿ ಅಂದೆ."

ಆ ಹುಡುಗಿ ಅದನ್ನು ಹೇಗೆ ಹೇಳಿದಳೋ, ಮೇಲ್ವಿಚಾರಕರು ನಾಳೆ ಮಧ್ಯಾಹ್ನದವರೆಗೆ ಮಾತ್ರ ಒಲೆ ಹಚ್ಚಬಹುದು ಎಂದರು. ಆ ರಾತ್ರಿ ಮುತ್ತಯ್ಯ ಗಂಟುಮೂಟೆ ಕಟ್ಟಿಯೇ ಮಲಗಿದರಂತೆ.

ಮರುದಿನ ಹನ್ನೊಂದರ ಹೊತ್ತಿಗೆ ಕಪ್ಪು ಅಂಗಿಯ ಮುದುಕಿಯೊಬ್ಬರು ಮೂಗು ಅರಳಿಸಿಕೊಂಡು, ಜನರನ್ನು ತಳ್ಳಿಕೊಂಡು ನೇರ ಬಾಣಲೆಯ ಹತ್ತಿರ ಬಂದರು. ಪುಟ್ಟಗೌರಮ್ಮನವರ ಕೈಯನ್ನು ಮಗುಚಿ ಬೆರಳ ತುದಿ ನೋಡಿದರು, ತಮ್ಮ ಬೆರಳುಗಳನ್ನು ಪಕ್ಕದಲ್ಲಿ ಹಿಡಿದರು. ಎರಡೂ ಒಂದೇ ಥರ ದಪ್ಪ. ಆಮೇಲೆ ಅಂಗಿಯ ತೋಳು ಮಡಿಸಿ, ಕುದಿನೀರಿಗೆ ಕೈಯಿಟ್ಟು ಎಳೆ ಎತ್ತಿಯೇ ಬಿಟ್ಟರು. ಮುಂದೆ ತಿಳಿದಂತೆ ಅವರು ಇಟಲಿಯವರು, ಒಂಬತ್ತನೆಯ ವಯಸ್ಸಿನಿಂದ ಅಲ್ಲಿನ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ದುಡಿದು, ಮದುವೆಯಾದ ಮೇಲೆ ನ್ಯೂಯಾರ್ಕಿಗೆ ಬಂದವರು. ಬೀದಿಯಲ್ಲಿ ಹೋಗುತ್ತಿದ್ದಾಗ ಈ ವಾಸನೆ ಬಡಿದು, ಅದರ ಹಿಂದೆಯೇ ಮೆಟ್ಟಿಲು ಹತ್ತಿದ್ದರು.

ಹನ್ನೆರಡಕ್ಕೆ ಒಲೆ ಆರಿಸಲು ಬಂದ ಮೇಲ್ವಿಚಾರಕರಿಗೆ ಅವರು ತಮ್ಮ ಭಾಷೆಯಲ್ಲಿ ಏನೆಂದರೋ ಯಾರಿಗೂ ಗೊತ್ತಿಲ್ಲ. "ಬೈದ್ಲು ಅನ್ನಾದು ಮಾತ್ರ ಗ್ಯಾರಂಟಿ. ನಮ್ಮವ್ವ ನಿಂತಂಗೇ ನಿಂತಿದ್ಲು" ಎನ್ನುತ್ತಾರೆ ಮುತ್ತಯ್ಯ. ಒಲೆ ಆರಲಿಲ್ಲ. ಮೇಲ್ವಿಚಾರಕರು ಕಿಟಕಿಗಳನ್ನು ತೆರೆಸಿ ಹೊರಟುಹೋದರು.

ಮರುದಿನ ಆಕೆ ತಮ್ಮ ಬೀದಿಯನ್ನೇ ಕರೆತಂದರು. ಲೆಬನಾನಿನ ಬಟ್ಟೆ ವ್ಯಾಪಾರಿಯೊಬ್ಬರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕಣ್ಣೊರೆಸಿಕೊಂಡರು. ಅವರ ತಾಯಿ ಹುಳು ಸಾಕಿದವರು. ಬಟ್ಟೆ ಒಗೆಯುವ ಚೀನಾದ ಮುದುಕರೊಬ್ಬರು ಮುತ್ತಯ್ಯನವರನ್ನು ಎಬ್ಬಿಸಿ ತಾವೇ ಚರಕ ತಿರುಗಿಸಿದರು. ಉಳಿದ ಹನ್ನೆರಡು ದಿನವೂ ಬಾಣಲೆಯ ಸುತ್ತ ಜನ ಸಾಲು ನಿಂತರು.

ಭಾನುವಾರ ಆ ಬೀದಿಯಲ್ಲೇ ಊಟ. ಅಂಗಡಿ ಅಂಗಡಿಗೂ ಬೇರೆ ಬೇರೆ ಲಿಪಿಯ ಬೋರ್ಡು, ಮನೆ ಮನೆಗೂ ಬೇರೆ ಒಗ್ಗರಣೆ. "ಒಬ್ರ ಮಾತು ಒಬ್ರಿಗೆ ತಿಳೀದು. ಆದ್ರೂ ಉಪ್ಪು ಖಾರ ಈಸ್ಕಂಡು ಬದುಕ್ತರೆ, ನಮ್ಮೂರಂಗೆಯ" ಎನ್ನುತ್ತಾರೆ ಪುಟ್ಟಗೌರಮ್ಮ. ಎತ್ತರದ ಕಟ್ಟಡಗಳನ್ನು ನೋಡಿದಿರಾ ಎಂದು ಕೇಳಿದರೆ, ಆ ಇಟಲಿಯ ಅಜ್ಜಿಯ ಹಿತ್ತಿಲಲ್ಲಿ ಕಂಡ ಹಿಪ್ಪುನೇರಳೆ ಗಿಡದ ವಿಷಯ ಹೇಳುತ್ತಾರೆ. "ಸೊಪ್ಪು ಮುಟ್ ನೋಡ್ದೆ, ವಸಿ ಒರಟು."

ಈಗ ಬಿಸಿಲು ಚಪ್ಪರದೊಳಕ್ಕೆ ಇಳಿದಿದೆ. ಶಾಲೆಗೆ ಹೊರಟ ಮಗಳು ಬೆನ್ನು ತಿರುಗಿಸಿ ಕೂರುತ್ತಾಳೆ. ತಾಯಿ ಸೆರಗಿಗೆ ಕೈ ಒರೆಸಿಕೊಂಡು ಜಡೆ ಹಾಕುತ್ತಾರೆ. ಇನ್ನೊಮ್ಮೆ ನ್ಯೂಯಾರ್ಕಿಗೆ ಹೋಗುವ ಆಸೆ ಇದೆಯೇ ಎಂದರೆ ಇಲ್ಲವೆಂದು ತಲೆಯಲ್ಲಾಡಿಸುತ್ತಾರೆ.

"ನಾನು ನೋಡ್ಬುಟ್ಟೆ ಕಣವ್ವ. ಆ ಅಜ್ಜಿ ಒಂದ್ಸಲ ಇಲ್ಗೆ ಬರ್ಬೇಕು, ಅಷ್ಟೇಯ." ರಿಬ್ಬನ್ ಕಟ್ಟಿ, ಮಗಳ ಬೆನ್ನು ತಟ್ಟಿ ಕಳಿಸುತ್ತಾರೆ. "ಎಳೆ ಎತ್ತಾದ್ರಲ್ಲಿ ಆಯಮ್ಮ ನನಗಿಂತ ಚುರುಕು. ನೂಲು ಮಾತ್ರ ವಸಿ ದಪ್ಪ ತೆಗೀತದೆ. ಒಂದ್ ವಾರ ನನ್ ಪಕ್ಕದಲ್ಲಿ ಕುಂತ್ರೆ ಸರಿಯಾಯ್ತದೆ."