ಮೊಂಡುಕೊಕ್ಕಿನ ಮರಿಗಳು

ಗಡಿಯಾರ ರಿಪೇರಿ ಮಾಡುವವನ ತಾರಸಿಯಲ್ಲಿ ತಾತನ ಕಾಲದಿಂದಲೂ ಮೊಂಡುಕೊಕ್ಕಿನ ಪಾರಿವಾಳಗಳ ತಳಿ ಬೆಳೆದುಬಂದಿತ್ತು. ಬೆಣ್ಣೆಯಂಥ ಬಿಳಿ ಮೈ, ಎದೆಯ ಮೇಲೆ ನೆರಿಗೆ ಹಿಡಿದಂಥ ಗರಿ. ಕೊಕ್ಕು ಮಾತ್ರ ಅಕ್ಕಿಕಾಳಿನಷ್ಟೇ. ಆ ಕೊಕ್ಕಿನಿಂದ ಮರಿಗಳಿಗೆ ಗುಟುಕು ಕೊಡಲು ತಾಯಿಹಕ್ಕಿಗೂ ಆಗದು. ಹಾಗಾಗಿ ಅವನೇ ಕಾಳು ನೆನೆಸಿ, ನುಣ್ಣಗೆ ಅರೆದು, ಬೆರಳ ತುದಿಯಿಂದ ತಿನ್ನಿಸುತ್ತಿದ್ದ.

"ನನಗೂ ಎರಡು ರೆಕ್ಕೆ ಇದ್ದಿದ್ರೆ ಇವರ ಕಣ್ಣಿಗೆ ಬೀಳ್ತಿದ್ದೆನೋ ಏನೋ," ಎಂದು ಹೆಂಡತಿ ಗೊಣಗುವಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವಳು ಗೂಡಿನ ಹತ್ತಿರ ಸುಳಿದವಳಲ್ಲ.

ಒಮ್ಮೆ ಎರಡು ಮರಿಗಳು ಆಗಷ್ಟೇ ಕಣ್ಣು ಬಿಟ್ಟಿದ್ದವು. ಅದೇ ಹೊತ್ತಿಗೆ ಅವನು ಕೆಂಡದಂಥ ಜ್ವರ ಬಂದು ಮಲಗಿಬಿಟ್ಟ. ಜೋಂಪಿನಲ್ಲಿ ಸೂರು ಬಿಳಿ ಮೋಡವಾಗಿ ಕರಗುತ್ತಿತ್ತು. ಹಕ್ಕಿಗಳ ಗುಟುರು ಎಲ್ಲಿಂದಲೋ ತೇಲಿ ಬಂದು ಅವನನ್ನು ಎತ್ತಿಕೊಂಡು ಹೋಗುತ್ತಿತ್ತು. ಮರಿಗಳು ಹಸಿದು ಸತ್ತೇಹೋಗಿರುತ್ತವೆಂದು ನಿದ್ದೆಯಲ್ಲೇ ಅತ್ತ.

ಐದನೆಯ ದಿನ ಜ್ವರ ಬಿಟ್ಟಿತು. ಬೆಳಿಗ್ಗೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲು ಹತ್ತಿದ. ಎಳೆಬಿಸಿಲಿನಲ್ಲಿ ಹೆಂಡತಿ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಎರಡು ಮರಿಗಳು ಗುಂಡುಗುಂಡಗೆ ಮಲಗಿದ್ದವು. ಒಂದರ ಬಾಯಿಗೆ ಬೆರಳಿಡುತ್ತ, "ನುಂಗು ಕಂದಾ, ನಿಮ್ಮಪ್ಪ ಎದ್ದು ಬರೋ ತನಕ ನಾನೇ ಗತಿ," ಎನ್ನುತ್ತಿದ್ದಳು.

ಅವನನ್ನು ಕಂಡು ಬೆಚ್ಚಿಬಿದ್ದಳು. "ಬಟ್ಟೆ ಒಣಗಿಸೋಕೆ ಬಂದೆ ಕಣ್ರೀ!"

ಹಗ್ಗದ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಅವನು ಅವಳ ಪಕ್ಕ ಕೂತ.

ಸ್ವಲ್ಪ ಹೊತ್ತಿನ ಮೇಲೆ ಅವಳು ಒಂದು ಮರಿಯನ್ನು ಅವನ ಅಂಗೈಯಲ್ಲಿಟ್ಟಳು. "ಇದು ನಿಮಗೆ. ಇನ್ನೊಂದನ್ನ ಮಾತ್ರ ಕೇಳಬೇಡಿ, ನಾನು ಕೊಡಲ್ಲ."